ನಿಮ್ಮ ಲೈಬ್ರರಿಗೆ ಎಷ್ಟು ಬಾಗಿಲು?

ಮುಂಬೈಯ ಫೋರ್ಟ್‌ನಲ್ಲಿ ಕೆಲಸ ಮಾಡೋರಿಗೆ ಗೊತ್ತು, ಅಲ್ಲಿ ಈಗ ಕೋಟೆ ಇಲ್ಲ. ಅಪೊಲೊ, ಚರ್ಚ್, ಬಜಾರ್ ಅಂತ ಮೂರೇ ಬಾಗಿಲಿದ್ದ ಗೋಡೆಯನ್ನು 1860ರ ದಶಕದಲ್ಲಿ ಕೆಡವಿದರು. ಲಿನಕ್ಸ್‌ನಲ್ಲಿ ಸಿ ಭಾಷೆಯಲ್ಲಿ ಬರೆದ ಶೇರ್ಡ್ ಲೈಬ್ರರಿಯೂ ಹಾಗೇ: ನಾವಾಗಿ ಗೋಡೆ ಕಟ್ಟದಿದ್ದರೆ, ಸ್ಟ್ಯಾಟಿಕ್ ಅಲ್ಲದ ಪ್ರತಿ ಫಂಕ್ಷನ್ನೂ ಹೊರಗೆ ಕಾಣುತ್ತೆ.

ಕಂಡರೆ ಏನಾಗುತ್ತೆ? ಎರಡು ಲೈಬ್ರರಿಗಳಲ್ಲಿ ಒಂದೇ ಹೆಸರಿನ ಒಳ ಫಂಕ್ಷನ್ ಇದ್ದರೆ, ಲೋಡರ್ ಮೊದಲು ಸಿಕ್ಕಿದ್ದನ್ನೇ ಎರಡಕ್ಕೂ ಜೋಡಿಸಬಹುದು. ಕ್ರ್ಯಾಶ್ ಆಗೋದು ಗ್ರಾಹಕರ ಮೆಷಿನ್‌ನಲ್ಲಿ.

2005ರ ಜಿಸಿಸಿ 4.0ರಿಂದ ಇದಕ್ಕೆ ಸುಲಭ ದಾರಿ ಇದೆ. ವಿಸಿಬಿಲಿಟಿಯನ್ನು ‘ಹಿಡನ್’ ಅಂತ ಕೊಟ್ಟು ಕಂಪೈಲ್ ಮಾಡಿ. ಎಪಿಐ ಫಂಕ್ಷನ್‌ಗಳಿಗೆ ಮಾತ್ರ ‘ಡಿಫಾಲ್ಟ್’ ಅಂತ ಗುರುತು ಹಾಕಿ.

ಆದರೂ ಒಳಗಿನ ಹೆಸರುಗಳು, ಡಿಬಗ್ ಮಾಹಿತಿ ಫೈಲ್‌ನಲ್ಲೇ ಉಳಿದಿರುತ್ತವೆ. ಅವನ್ನು ತೆಗೆಯೋದು ಸ್ಟ್ರಿಪ್. ಹಾಗಾದ್ರೆ ಸ್ಟ್ರಿಪ್ ಒಂದೇ ಸಾಕಾ? ಸಾಲದು. ಹೊರಗೆ ತೆರೆದ ಹೆಸರುಗಳನ್ನು ಅದು ಮುಟ್ಟೋಲ್ಲ. ಎರಡೂ ಬೇಕು.

ಸ್ಟ್ರಿಪ್‌ಗೆ ಮೊದಲು, ಆಬ್ಜ್‌ಕಾಪಿ ಬಳಸಿ ಡಿಬಗ್ ಮಾಹಿತಿಯನ್ನು ಬೇರೆ ಫೈಲ್‌ಗೆ ಎತ್ತಿಡಿ. ಪ್ರತಿ ರಿಲೀಸ್‌ಗೂ ಅದರದೇ ಫೈಲ್ ಜೋಪಾನ ಮಾಡಿ. ಇಲ್ಲದಿದ್ದರೆ ನಾಳೆ ಬರುವ ಕ್ರ್ಯಾಶ್ ಡಂಪ್‌ನಲ್ಲಿ ನಿಮಗೂ ಬರೀ ವಿಳಾಸಗಳೇ ಕಾಣೋದು.