ನಡಿಗೆಗೆ ಬಹುಮಾನ

ಕುಮಟೆಯ ಕಚೇರಿಗಳಲ್ಲಿ ದಿನವಿಡೀ ಕುಳಿತು ದುಡಿಯುವವರು ಸಂಜೆಯಾದೊಡನೆ ವಾಹನವೇರಿ ಮನೆ ಸೇರುವುದನ್ನು ನಾವು ನಿತ್ಯವೂ ಕಾಣುತ್ತೇವೆ. ಸಮುದ್ರತೀರ ಸಮೀಪದಲ್ಲಿದ್ದರೂ ಅತ್ತ ಕಾಲು ಹಾಕಲು ಮನಸ್ಸಾಗದು. ನಡೆದರೆ ಹಣ ಕೊಡುವೆವೆಂದರೆ ಇಂಥವರು ನಡೆದಾರೆಯೆ?

ಅಮೆರಿಕೆಯ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಮೈತೂಕ ಹೆಚ್ಚಿದ್ದ 281 ಮಂದಿ ನೌಕರರ ಮೇಲೆ ಇದನ್ನೇ ಪರೀಕ್ಷಿಸಲಾಯಿತು. ಫಲಿತಾಂಶವು 2016ರಲ್ಲಿ ಪ್ರಕಟವಾಯಿತು. ದಿನಕ್ಕೆ 7,000 ಹೆಜ್ಜೆಗಳ ಗುರಿ. ಹೆಜ್ಜೆಯೊಂದಕ್ಕೆ 70 ಸೆಂಟಿಮೀಟರಿನಂತೆ ಲೆಕ್ಕ ಹಾಕಿದರೆ ಸುಮಾರು 5 ಕಿಲೋಮೀಟರು. ಒಂದು ಗುಂಪಿನವರಿಗೆ ಗುರಿ ಮುಟ್ಟಿದ ದಿನ 1.40 ಡಾಲರು ದೊರೆಯುತ್ತಿತ್ತು. ಮತ್ತೊಂದು ಗುಂಪಿನವರ ಹೆಸರಿಗೆ ತಿಂಗಳ ಮೊದಲೇ 42 ಡಾಲರು ಜಮೆ ಮಾಡಿ, ಗುರಿ ತಪ್ಪಿದ ದಿನ 1.40 ಡಾಲರನ್ನು ಕಳೆಯಲಾಗುತ್ತಿತ್ತು. ಹಣವೇ ಇಲ್ಲದ ಗುಂಪು ನೂರು ದಿನಗಳಿಗೆ 30 ದಿನ ಗುರಿ ಮುಟ್ಟಿತು. ಗಳಿಸುವ ಗುಂಪು 35. ಕಳೆದುಕೊಳ್ಳುವ ಗುಂಪು 45! ಮೊತ್ತ ಒಂದೇ, ಆದರೆ ಕೈಸೇರಿದ್ದು ಜಾರುವ ನೋವು ಗಳಿಕೆಯ ಹಿಗ್ಗಿಗಿಂತ ತೀಕ್ಷ್ಣವಾದುದು.

ಆದರೆ 13 ವಾರಗಳ ತರುವಾಯ ಹಣ ನಿಂತಿತು. ಮುಂದಿನ 13 ವಾರಗಳಲ್ಲಿ ಗುಂಪುಗಳ ನಡುವೆ ಗಣನೀಯ ವ್ಯತ್ಯಾಸವೇ ಉಳಿಯಲಿಲ್ಲ. ನೂಕುವ ಬಲ ನಿಂತರೆ ಘರ್ಷಣೆಯು ಬಂಡಿಯನ್ನು ನಿಲ್ಲಿಸುವಂತೆ, ಹಳೆಯ ಅಭ್ಯಾಸವೂ ನಡಿಗೆಯನ್ನು ನಿಲ್ಲಿಸಿಬಿಡುತ್ತದೆ. ಆದುದರಿಂದ ಬಹುಮಾನವನ್ನು ನಾವು ಮೊದಲ ನೂಕೆಂದು ಮಾತ್ರ ತಿಳಿಯಬೇಕು. ಪೇಟೆಗೋ ಬಸ್ ನಿಲ್ದಾಣಕ್ಕೋ ನಡೆದೇ ಹೋಗುವ ರೂಢಿಯನ್ನು ಆ ಅವಧಿಯೊಳಗೆ ಬೆಳೆಸಿಕೊಂಡವರಿಗಷ್ಟೇ ಅದರ ಫಲ ಉಳಿದೀತು.