ಆ್ಯಪ್ ಇದ್ದರೆ ಎಲೆಕ್ಟ್ರಿಕ್ ಸ್ಕೂಟರ್ ಕಳುವಾಗುವುದಿಲ್ಲವೇ? ನಿಜ ಎಷ್ಟು, ನಂಬಿಕೆ ಎಷ್ಟು?

"ಎಲೆಕ್ಟ್ರಿಕ್ ಗಾಡಿ ತಗೊಳ್ಳಿ, ಕಳ್ಳರ ಭಯವೇ ಇಲ್ಲ. ಜಿಪಿಎಸ್ ಇರುತ್ತೆ, ಆ್ಯಪ್ ಇರುತ್ತೆ, ಎಲ್ಲಿದ್ದರೂ ಮೊಬೈಲ್‌ನಲ್ಲೇ ಲಾಕ್ ಮಾಡಬಹುದು." ಈ ಅರ್ಥದ ಮಾತನ್ನು ನೀವೂ ಕೇಳಿರುತ್ತೀರಿ, ವಾಟ್ಸ್‌ಆ್ಯಪ್ ಗುಂಪಿನಲ್ಲಿ ಓದಿರುತ್ತೀರಿ. ಇದನ್ನು ನಂಬಿ ಮೆಟ್ರೋ ನಿಲ್ದಾಣದ ಪಕ್ಕ, ಮಾರುಕಟ್ಟೆಯ ಮುಂದೆ, ಆಸ್ಪತ್ರೆಯ ಗೇಟಿನ ಹೊರಗೆ ಗಾಡಿ ನಿಲ್ಲಿಸಿ ನಿಶ್ಚಿಂತೆಯಿಂದ ಹೋಗುವವರು ಬಹಳ ಮಂದಿ.

ಈ ಮಾತು ಅರ್ಧ ನಿಜ. ಗಾಡಿಯ ರಕ್ಷಣೆಯಲ್ಲಿ ಮೂರು ಬೇರೆ ಬೇರೆ ಕೆಲಸಗಳಿವೆ. ಒಂದು, ಕಳ್ಳನನ್ನು ತಡೆಯುವುದು. ಎರಡು, ಗಾಡಿ ಎಲ್ಲಿದೆ ಎಂದು ತಿಳಿಸುವುದು. ಮೂರು, ಗಾಡಿ ಹೋದರೆ ನಷ್ಟ ತುಂಬಿಕೊಡುವುದು. ಆ್ಯಪ್ ಮುಖ್ಯವಾಗಿ ಎರಡನೆಯ ಕೆಲಸ ಮಾಡುತ್ತದೆ. ಉಳಿದ ಎರಡನ್ನು ನಾವೇ ನೋಡಿಕೊಳ್ಳಬೇಕು.

ಜಿಪಿಎಸ್ ನಿಜಕ್ಕೂ ಏನು ಮಾಡುತ್ತದೆ?

ಉಪಗ್ರಹವೊಂದು ಮೇಲಿನಿಂದ ನಮ್ಮ ಗಾಡಿಯನ್ನು ಸದಾ ನೋಡುತ್ತಿರುತ್ತದೆ ಎಂಬ ಕಲ್ಪನೆ ಅನೇಕರಲ್ಲಿದೆ. ಅದು ತಪ್ಪು. ಸುಮಾರು 20,000 ಕಿ.ಮೀ. ಎತ್ತರದಲ್ಲಿರುವ ಜಿಪಿಎಸ್ ಉಪಗ್ರಹಗಳು ಕೇವಲ ಸಂಕೇತ ಕಳುಹಿಸುತ್ತವೆ. ನಿಮ್ಮ ಗಾಡಿ ಎಲ್ಲಿದೆ ಎಂದು ಅವುಗಳಿಗೆ ಗೊತ್ತೇ ಇರುವುದಿಲ್ಲ. ಗಾಡಿಯೊಳಗಿನ ಸಾಧನವು ಕನಿಷ್ಠ ನಾಲ್ಕು ಉಪಗ್ರಹಗಳ ಸಂಕೇತ ಹಿಡಿದು ತಾನಿರುವ ಜಾಗವನ್ನು ಲೆಕ್ಕ ಹಾಕುತ್ತದೆ. ಆಮೇಲೆ ಅದನ್ನು ಒಳಗಿನ ಸಿಮ್ ಮೂಲಕ, ಮೊಬೈಲ್ ನೆಟ್‌ವರ್ಕ್ ಬಳಸಿ ನಿಮ್ಮ ಆ್ಯಪ್‌ಗೆ ಕಳುಹಿಸುತ್ತದೆ.

ಅಂದರೆ ಮೂರು ಸಂಗತಿಗಳು ಒಟ್ಟಿಗೆ ಸರಿಯಾಗಿರಬೇಕು: ಸಾಧನಕ್ಕೆ ಆಕಾಶ ಕಾಣಬೇಕು, ಮೊಬೈಲ್ ಸಿಗ್ನಲ್ ಸಿಗಬೇಕು, ಕರೆಂಟ್ ಇರಬೇಕು. ಬೇಸ್‌ಮೆಂಟ್‌ನಲ್ಲಿ, ಮುಚ್ಚಿದ ತಗಡಿನ ಕಂಟೇನರ್‌ನಲ್ಲಿ ಮೊದಲೆರಡೂ ಕೈಕೊಡಬಹುದು. ಬ್ಯಾಟರಿ ಕಿತ್ತರೆ ಮೂರನೆಯದೂ ಹೋಗಬಹುದು. ಕೆಲವು ಮಾದರಿಗಳಲ್ಲಿ ಇದಕ್ಕೆಂದೇ ಪ್ರತ್ಯೇಕ ಸಣ್ಣ ಬ್ಯಾಟರಿ ಇರುತ್ತದೆ, ಕೆಲವದರಲ್ಲಿ ಇರುವುದಿಲ್ಲ. ಕೆಲವು ಕಂಪನಿಗಳಲ್ಲಿ ಟ್ರ್ಯಾಕಿಂಗ್ ಸೌಲಭ್ಯಕ್ಕೆ ಚಂದಾ ಕಟ್ಟಬೇಕು. ಅವಧಿ ಮುಗಿದರೆ ಆ್ಯಪ್ ತೆರೆದರೂ ಗಾಡಿ ಕಾಣುವುದಿಲ್ಲ.

ನಿಮ್ಮದು ಹೇಗಿದೆ ಎಂದು ಇವತ್ತೇ ಪರೀಕ್ಷಿಸಬಹುದು. ಗಾಡಿಯನ್ನು ಬೇಸ್‌ಮೆಂಟ್‌ನಲ್ಲಿ ನಿಲ್ಲಿಸಿ ಆ್ಯಪ್ ನೋಡಿ. ಬ್ಯಾಟರಿ ತೆಗೆಯಲು ಬರುವ ಗಾಡಿಯಾದರೆ ಅದನ್ನು ತೆಗೆದು ಮತ್ತೊಮ್ಮೆ ನೋಡಿ. ಕಳ್ಳತನವಾದ ದಿನ ಇದನ್ನು ಕಲಿಯುವುದು ಬೇಡ.

ಚಕ್ರ ಲಾಕ್ ಆದರೆ ಸಾಲದೇ?

ಹಲವು ಎಲೆಕ್ಟ್ರಿಕ್ ಸ್ಕೂಟರ್‌ಗಳಲ್ಲಿ ರಿಮೋಟ್ ಒತ್ತಿದರೆ ಅಲಾರಂ ಚಾಲೂ ಆಗುತ್ತದೆ. ಯಾರಾದರೂ ಗಾಡಿ ಅಲ್ಲಾಡಿಸಿದರೆ ಕೂಗುತ್ತದೆ, ತಳ್ಳಲು ಹೋದರೆ ಹಿಂದಿನ ಚಕ್ರ ಬಿಗಿಯಾಗುತ್ತದೆ. ಅಲ್ಲಿ ಕಬ್ಬಿಣದ ಬೀಗವೇನೂ ಇರುವುದಿಲ್ಲ. ಹಳೆಯ ಸೈಕಲ್‌ನ ಡೈನಮೋ ನೆನಪಿದೆಯೇ? ಅದನ್ನು ಟೈರ್‌ಗೆ ತಾಗಿಸಿದ ಕೂಡಲೇ ಪೆಡಲ್ ಭಾರವಾಗುತ್ತಿತ್ತು. ಇಲ್ಲೂ ಅದೇ ತತ್ವ. ಚಕ್ರ ತಿರುಗಿದಾಗ ಮೋಟರ್ ಡೈನಮೋದಂತೆ ವಿದ್ಯುತ್ ಹುಟ್ಟಿಸುತ್ತದೆ. ಆ ವಿದ್ಯುತ್ ಹರಿಯಲು ದಾರಿ ಕೊಟ್ಟರೆ ಅದು ತಿರುಗುವಿಕೆಯನ್ನೇ ವಿರೋಧಿಸುತ್ತದೆ.

ಇದಕ್ಕೂ ಮಿತಿಯಿದೆ. ಚಕ್ರ ವೇಗವಾಗಿ ತಿರುಗಿದರೆ ಇಂಥ ತಡೆ ಹೆಚ್ಚು, ಬಹಳ ನಿಧಾನವಾಗಿ ತಳ್ಳಿದರೆ ಕಡಿಮೆ. ಚಕ್ರ ನೆಲ ಬಿಟ್ಟರೆ ಈ ಲಾಕ್‌ಗೆ ಕೆಲಸವೇ ಇಲ್ಲ. ಇಬ್ಬರು ಮೂವರು ಸೇರಿ ಸ್ಕೂಟರ್ ಎತ್ತಿ ಗೂಡ್ಸ್ ಗಾಡಿಗೆ ಹಾಕಿದರೆ ಮೋಟರ್ ಲಾಕ್ ಏನೂ ಮಾಡಲಾರದು. ಆ್ಯಪ್‌ನಿಂದ ಗಾಡಿ ಚಾಲೂ ಆಗದಂತೆ ಮಾಡುವ ಸೌಲಭ್ಯವೂ ಅಷ್ಟೇ. ಅದು ಓಡಿಸಿಕೊಂಡು ಹೋಗುವ ಕಳ್ಳನನ್ನು ತಡೆಯುತ್ತದೆ, ಹೊತ್ತುಕೊಂಡು ಹೋಗುವವನನ್ನಲ್ಲ.

ಹ್ಯಾಂಡಲ್ ಲಾಕ್ ಹಾಕಲೇಬೇಕು. ಆದರೆ ಹ್ಯಾಂಡಲ್ ಅನ್ನು ಬಲವಾಗಿ ಒದ್ದು ಅದನ್ನು ಮುರಿಯುವುದು ಕಳ್ಳರ ಹಳೆಯ ವಿದ್ಯೆ. ಅದೊಂದನ್ನೇ ನಂಬಬೇಡಿ.

ಬ್ಲೂಟೂತ್ ಟ್ಯಾಗ್ ಬಚ್ಚಿಟ್ಟರೆ?

ಏರ್‌ಟ್ಯಾಗ್‌ನಂಥ ಬಿಲ್ಲೆಗಳನ್ನು ಸೀಟಿನ ಕೆಳಗೆ ಬಚ್ಚಿಡುವ ಉಪಾಯವೂ ಹರಿದಾಡುತ್ತಿದೆ. ಏರ್‌ಟ್ಯಾಗ್‌ನಲ್ಲಿ ಜಿಪಿಎಸ್ ಇಲ್ಲ, ಸಿಮ್ ಇಲ್ಲ. ಸುತ್ತಮುತ್ತ ಹಾದುಹೋಗುವ ಬೇರೆಯವರ ಆಪಲ್ ಫೋನ್‌ಗಳು ಅದರ ಬ್ಲೂಟೂತ್ ಸಂಕೇತ ಹಿಡಿದಾಗ ಮಾತ್ರ ಜಾಗ ಗೊತ್ತಾಗುತ್ತದೆ. ಬೆಂಗಳೂರಿನ ಜನನಿಬಿಡ ರಸ್ತೆಯಲ್ಲಿ ಇದು ಉಪಯೋಗಕ್ಕೆ ಬರಬಹುದು. ಹಳ್ಳಿಯ ಹೊಲದ ನಡುವಿನ ಶೆಡ್‌ನಲ್ಲಿ ಕಷ್ಟ. ಇನ್ನೊಂದು ಸಂಗತಿ ಇದೆ. ಗೊತ್ತಿಲ್ಲದೆ ಯಾರನ್ನೂ ಹಿಂಬಾಲಿಸಬಾರದೆಂದು, ಅಪರಿಚಿತ ಟ್ಯಾಗ್ ಜೊತೆಯಲ್ಲಿ ಸಾಗುತ್ತಿದ್ದರೆ ಫೋನ್ ಎಚ್ಚರಿಕೆ ಕೊಡುವ ವ್ಯವಸ್ಥೆ ಇದೆ. ಆ ಎಚ್ಚರಿಕೆ ಕಳ್ಳನ ಫೋನ್‌ಗೂ ಹೋಗುತ್ತದೆ. ಹಾಗಾಗಿ ಟ್ಯಾಗ್ ಒಂದು ಹೆಚ್ಚುವರಿ ನೆರವು, ಅಷ್ಟೇ.

ಹಾಗಾದರೆ ತಡೆಯುವುದು ಯಾವುದು?

ಉತ್ತರ ಹಳೆಯದೇ: ಕಬ್ಬಿಣ ಮತ್ತು ಜಾಗ.

ಗಾಡಿಯನ್ನು ಅಲುಗಾಡದ ವಸ್ತುವಿಗೆ ಕಟ್ಟಿ. ನೆಲದಲ್ಲಿ ಹೂತ ಕಂಬ, ಕಾಂಕ್ರೀಟಿಗೆ ಕೂರಿಸಿದ ಕಬ್ಬಿಣದ ಸರಳು ಆಗಬಹುದು. ವಿದ್ಯುತ್ ಕಂಬ, ಟ್ರಾನ್ಸ್‌ಫಾರ್ಮರ್ ಬೇಲಿ ಬೇಡ, ಅಪಾಯ. ಚೈನ್ ಅನ್ನು ಚಕ್ರದ ಜೊತೆಗೆ ಚಾಸಿಗೂ ಸೇರಿಸಿ ಹಾಕಿ. ಚಕ್ರಕ್ಕಷ್ಟೇ ಹಾಕಿದರೆ ಚಕ್ರ ಬಿಚ್ಚಿಟ್ಟು ಉಳಿದದ್ದನ್ನು ಒಯ್ಯಬಹುದು.

ತೆಳ್ಳನೆಯ ಕೇಬಲ್ ಲಾಕ್ ಸಣ್ಣ ಕಟ್ಟರ್‌ಗೆ ಕೆಲವೇ ಸೆಕೆಂಡುಗಳ ಕೆಲಸ. ಹದಗೊಳಿಸಿದ ಗಟ್ಟಿ ಉಕ್ಕಿನ ದಪ್ಪ ಚೈನ್ ಅಥವಾ ಯು ಆಕಾರದ ಲಾಕ್ ವಾಸಿ. ಚೈನ್ ನೆಲಕ್ಕೆ ತಾಗದಂತೆ ಬಿಗಿಯಾಗಿ ಹಾಕಿ. ನೆಲದ ಮೇಲೆ ಬಿದ್ದ ಚೈನ್‌ಗೆ ಕಟ್ಟರ್ ಊರಿ ಮೈಭಾರ ಹಾಕುವುದು ಸುಲಭ, ಕಲ್ಲಿನಿಂದ ಜಜ್ಜುವುದೂ ಸುಲಭ. ಡಿಸ್ಕ್ ಬ್ರೇಕ್ ಇದ್ದರೆ ಡಿಸ್ಕ್ ಲಾಕ್ ಕೂಡ ಹಾಕಬಹುದು. ಆದರೆ ಹೊರಡುವಾಗ ತೆಗೆಯಲು ಮರೆತರೆ ಬೀಳುವವರು ನೀವೇ. ಹ್ಯಾಂಡಲ್‌ಗೆ ಬಣ್ಣದ ದಾರವೊಂದನ್ನು ಗುರುತಿಗೆ ಕಟ್ಟಿಕೊಳ್ಳಿ.

ಯಾವ ಬೀಗವೂ ಗ್ರೈಂಡರ್ ಮುಂದೆ ಶಾಶ್ವತವಾಗಿ ನಿಲ್ಲುವುದಿಲ್ಲ. ಬೀಗದ ಕೆಲಸ ಸಮಯ ತಿನ್ನುವುದು, ಸದ್ದು ಮಾಡಿಸುವುದು. ಆ ಸಮಯದಲ್ಲಿ ನೋಡುವ ಕಣ್ಣುಗಳಿರಬೇಕು. ಆದ್ದರಿಂದ ಸಂದಿಯ ನೆರಳಿಗಿಂತ ಅಂಗಡಿ ಮುಂದಿನ ಬೆಳಕು, ಕ್ಯಾಮೆರಾ ಕಣ್ಣಿಗೆ ಬೀಳುವ ಜಾಗ ಮೇಲು. ದಿನವೂ ಒಂದೇ ಜಾಗದಲ್ಲಿ ಬೆಳಿಗ್ಗೆಯಿಂದ ಸಂಜೆವರೆಗೆ ನಿಲ್ಲಿಸುವವರು ಪಕ್ಕದ ಟೀ ಅಂಗಡಿಯವರ ಪರಿಚಯ ಮಾಡಿಕೊಂಡರೆ ಅದೂ ಒಂದು ಬೀಗವೇ.

ಪಾರ್ಕಿಂಗ್ ಚೀಟಿ ಇದ್ದರೆ ಹೊಣೆ ಪೂರ್ತಿ ಅವರದ್ದೇ ಎಂದು ತಿಳಿಯಬೇಡಿ. 2019ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ಮಾಲೀಕರದ್ದೇ ಜವಾಬ್ದಾರಿ ಎಂದು ಚೀಟಿಯಲ್ಲಿ ಬರೆದುಬಿಟ್ಟರೆ ಹೋಟೆಲ್ ತನ್ನ ನಿರ್ಲಕ್ಷ್ಯದಿಂದ ನುಣುಚಿಕೊಳ್ಳಲಾಗದು ಎಂದಿತು. ಆದರೆ ಅದು ಕಾರಿನ ಕೀಯನ್ನೇ ಹೋಟೆಲ್ ಸಿಬ್ಬಂದಿಗೆ ಒಪ್ಪಿಸಿದ್ದ ಪ್ರಕರಣ. ಕೀ ನಿಮ್ಮ ಜೇಬಿನಲ್ಲೇ ಇರುವ ಕಡೆ ಅದೇ ನ್ಯಾಯ ಸಿಗುತ್ತದೆ ಎಂದು ಹೇಳಲಾಗದು. ಚೀಟಿಯನ್ನು ಮಾತ್ರ ಎಸೆಯಬೇಡಿ.

ಬ್ಯಾಟರಿಯೇ ಗುರಿ

ಎಲೆಕ್ಟ್ರಿಕ್ ಗಾಡಿಯ ಅತಿ ದುಬಾರಿ ಭಾಗ ಬ್ಯಾಟರಿ. ಕಳ್ಳನಿಗೆ ಇಡೀ ಗಾಡಿ ಬೇಕೆಂದಿಲ್ಲ, ಸೀಟು ಎಬ್ಬಿಸಿ ಬ್ಯಾಟರಿ ಒಯ್ದರೆ ಸಾಕು. ಬೇರೆ ಗಾಡಿಯಲ್ಲಿ ಈ ಬ್ಯಾಟರಿ ಕೆಲಸವೇ ಮಾಡಲ್ಲ ಎಂಬುದು ಕೆಲವು ಮಾದರಿಗಳ ಮಟ್ಟಿಗೆ ನಿಜ. ಆದರೆ ಅದರ ಒಳಗಿರುವುದು ಸಣ್ಣ ಸಣ್ಣ ಲಿಥಿಯಂ ಸೆಲ್‌ಗಳು. ಅವನ್ನು ಬಿಡಿಸಿ ಮಾರಬಹುದು.

ಬ್ಯಾಟರಿ ತೆಗೆಯಲು ಬರುವಂತಿದ್ದರೆ, ಗಂಟೆಗಟ್ಟಲೆ ನಿಲ್ಲಿಸುವಾಗ ತೆಗೆದು ಜೊತೆಗೆ ಒಯ್ಯಿರಿ. ಭಾರ ನಿಜ, ಆದರೆ ಬ್ಯಾಟರಿಯಿಲ್ಲದ ಗಾಡಿ ಕದಿಯುವ ಆಸೆಯೂ ಕಡಿಮೆ. ಒಳಗೆ ಒಯ್ದಾಗ ಬಿಸಿಲಿನಲ್ಲಿ, ಬಾಗಿಲಿನ ದಾರಿಯಲ್ಲಿ ಇಡಬೇಡಿ. ಕಡಿಮೆ ಬೆಲೆಗೆ ಬಿಲ್ಲಿಲ್ಲದ ಬ್ಯಾಟರಿ ಸಿಗುತ್ತದೆಂದು ಕೊಳ್ಳಬೇಡಿ. ಬಿಚ್ಚಿ ಜೋಡಿಸಿದ ಸೆಲ್‌ಗಳು ಬಿಸಿಯಾಗಿ ಬೆಂಕಿ ಹತ್ತುವ ಅಪಾಯವಿದೆ. ಗೊತ್ತಿದ್ದೂ ಕದ್ದ ಮಾಲು ಕೊಳ್ಳುವುದು ಅಪರಾಧವೂ ಹೌದು.

"5 ವರ್ಷದ ಇನ್ಶೂರೆನ್ಸ್ ಇದೆ" ಎಂಬ ಭ್ರಮೆ

2018ರ ಸೆಪ್ಟೆಂಬರ್‌ನಿಂದ ಹೊಸ ದ್ವಿಚಕ್ರ ವಾಹನಕ್ಕೆ 5 ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. ಅದು ನಿಮ್ಮ ಗಾಡಿಯಿಂದ ಬೇರೆಯವರಿಗೆ ಆಗುವ ಹಾನಿಗೆ. ಕಳ್ಳತನಕ್ಕೆ ಅದರಲ್ಲಿ ಒಂದು ರೂಪಾಯಿಯೂ ಸಿಗದು. ಕಳ್ಳತನಕ್ಕೆ ಪರಿಹಾರ ಕೊಡುವುದು ಓನ್ ಡ್ಯಾಮೇಜ್ ಎಂಬ ಭಾಗ. ಹೊಸ ಗಾಡಿಯ ಜೊತೆ ಅದು ಸಾಮಾನ್ಯವಾಗಿ ಒಂದೇ ವರ್ಷಕ್ಕೆ ಬರುತ್ತದೆ. ಎರಡನೇ ವರ್ಷ ನವೀಕರಿಸದಿದ್ದರೆ, 5 ವರ್ಷದ ಕಾಗದ ಕೈಯಲ್ಲಿದ್ದರೂ ಕಳ್ಳತನದ ರಕ್ಷಣೆ ಇರುವುದಿಲ್ಲ. ಪಾಲಿಸಿ ತೆಗೆದು ಎರಡು ದಿನಾಂಕಗಳನ್ನೂ ನೋಡಿ.

ಬಿಡಿಭಾಗ ಮಾತ್ರ ಕಳುವಾದರೆ, ಗಾಡಿಯೂ ಜೊತೆಗೆ ಕಳುವಾಗದ ಹೊರತು ಪರಿಹಾರವಿಲ್ಲ ಎಂಬ ಷರತ್ತು ದ್ವಿಚಕ್ರ ಪಾಲಿಸಿಗಳಲ್ಲಿ ಸಾಮಾನ್ಯ. ಬ್ಯಾಟರಿ ಒಂದೇ ಹೋದರೆ ಏನು ಎಂದು ವಿಮಾ ಕಂಪನಿಗೆ ಮೇಲ್ ಮಾಡಿ ಕೇಳಿ, ಉತ್ತರ ಇಟ್ಟುಕೊಳ್ಳಿ. ಕ್ಲೇಮ್ ವೇಳೆ ಎರಡೂ ಕೀಗಳನ್ನು ಕೇಳುತ್ತಾರೆ. ಗಾಡಿಯಲ್ಲೇ ಕೀ ಬಿಟ್ಟಿದ್ದರೆ ನಿರ್ಲಕ್ಷ್ಯ ಎನ್ನಬಹುದು.

ಇನ್ನು 250 ವ್ಯಾಟ್, ಗಂಟೆಗೆ 25 ಕಿ.ಮೀ. ಮಿತಿಯೊಳಗಿನ ಸ್ಕೂಟರ್‌ಗಳ ಕತೆ ಬೇರೆ. ಅವಕ್ಕೆ ನೋಂದಣಿ ಬೇಡ, ಲೈಸೆನ್ಸ್ ಬೇಡ, ವಿಮೆಯೂ ಕಡ್ಡಾಯವಲ್ಲ. ಕೊಳ್ಳುವಾಗ ಇದು ಅನುಕೂಲ. ಕಳುವಾದಾಗ ನಂಬರ್ ಪ್ಲೇಟ್ ಇಲ್ಲ, ಆರ್‌ಸಿ ಇಲ್ಲ, ಪರಿಹಾರವೂ ಇಲ್ಲ. ಇಂಥ ಗಾಡಿಯಲ್ಲೇ ದಿನಗೂಲಿಯ ಡೆಲಿವರಿ ಮಾಡುವವರಿಗೆ ಗಾಡಿ ಹೋದ ಮರುದಿನ ಕೆಲಸವಿಲ್ಲ, ಸಾಲದ ಕಂತು ಮಾತ್ರ ನಿಲ್ಲುವುದಿಲ್ಲ. ನಿಮ್ಮದು ಇಂಥ ಗಾಡಿಯಾದರೆ ಬಿಲ್, ಚಾಸಿ ನಂಬರ್, ಮೋಟರ್ ನಂಬರ್, ಬ್ಯಾಟರಿ ನಂಬರ್‌ಗಳ ಫೋಟೋ ತೆಗೆದಿಡಿ. ಗಾಡಿ ನಿಮ್ಮದು ಎನ್ನಲು ಇರುವ ಪುರಾವೆ ಅದೇ. ವಿಮೆ ಬೇಕಿದ್ದರೆ ಅಂಗಡಿಯಲ್ಲಿ ನೀವೇ ಕೇಳಬೇಕು.

ಕಳುವಾಗಿಯೇ ಬಿಟ್ಟರೆ?

ಮೊದಲು ಟೋ ಆಗಿದೆಯೇ ಎಂದು ಖಚಿತಪಡಿಸಿಕೊಳ್ಳಿ. ಆಮೇಲೆ 112ಕ್ಕೆ ಕರೆ ಮಾಡಿ. ಆ್ಯಪ್‌ನಲ್ಲಿ ಕಾಣುವ ಜಾಗದ ಸ್ಕ್ರೀನ್‌ಶಾಟ್ ಸಮಯ ಸಮೇತ ತೆಗೆದು ಪೊಲೀಸರಿಗೆ ಕೊಡಿ. ನೀವೇ ಒಬ್ಬರೇ ಹುಡುಕಿಕೊಂಡು ಹೋಗಬೇಡಿ.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಸೆಕ್ಷನ್ 173ರ ಪ್ರಕಾರ ಯಾವ ಠಾಣೆಯಲ್ಲಿ ಬೇಕಾದರೂ ದೂರು ಕೊಡಬಹುದು. ನಮ್ಮ ವ್ಯಾಪ್ತಿ ಅಲ್ಲ ಎನ್ನುವಂತಿಲ್ಲ. ಆನ್‌ಲೈನ್‌ನಲ್ಲೂ ಕೊಡಬಹುದು. ಹಾಗೆ ಕೊಟ್ಟರೆ 3 ದಿನದೊಳಗೆ ಸಹಿ ಹಾಕಬೇಕು. ಎಫ್‌ಐಆರ್ ಪ್ರತಿ ಉಚಿತ.

ಅದೇ ದಿನ ವಿಮಾ ಕಂಪನಿಗೂ ತಿಳಿಸಿ. ತಡವಾದರೆ ಎಲ್ಲ ಮುಗಿಯಿತು ಎಂದಲ್ಲ. ಎಫ್‌ಐಆರ್ ತಕ್ಷಣ ದಾಖಲಾಗಿದ್ದು ಕಳ್ಳತನ ನಿಜವಾಗಿದ್ದರೆ, ಕಂಪನಿಗೆ ತಡವಾಗಿ ತಿಳಿಸಿದ ಒಂದೇ ಕಾರಣಕ್ಕೆ ಪರಿಹಾರ ನಿರಾಕರಿಸುವಂತಿಲ್ಲ ಎಂದು 2020ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅಂದರೆ ಎಲ್ಲಕ್ಕಿಂತ ಮುಖ್ಯ ಎಫ್‌ಐಆರ್.

ಒಟ್ಟಿನಲ್ಲಿ, ಆ್ಯಪ್ ಇದ್ದರೆ ಎಲೆಕ್ಟ್ರಿಕ್ ಗಾಡಿ ಕಳುವಾಗದು ಎಂಬುದು ಸುಳ್ಳು. ಚೈನ್ ತಡೆಯುತ್ತದೆ, ಆ್ಯಪ್ ತಿಳಿಸುತ್ತದೆ, ಪಾಲಿಸಿ ತುಂಬಿಕೊಡುತ್ತದೆ. ಒಂದು ಮಾಡುವ ಕೆಲಸ ಇನ್ನೊಂದು ಮಾಡದು. ಮುಂದಿನ ಸಲ ಆ ಸಂದೇಶ ಬಂದರೆ ಹಾಗೇ ಫಾರ್ವರ್ಡ್ ಮಾಡಬೇಡಿ. ಅದರ ಕೆಳಗೆ ಒಂದು ಸಾಲು ಸೇರಿಸಿ: "ನಿಮ್ಮ ಓನ್ ಡ್ಯಾಮೇಜ್ ಪಾಲಿಸಿ ಯಾವಾಗ ಮುಗಿಯುತ್ತೆ, ನೋಡಿದ್ದೀರಾ?"