ಕಲಿಸುವವರೂ ನಾವೇ, ಕಲಿಯುವವರೂ ನಾವೇ



2020ರ ಲಾಕ್‌ಡೌನ್ ದಿನಗಳಲ್ಲಿ ನಮ್ಮ ಮನೆಮನೆಯೂ ಶಾಲೆಯಾಗಿತ್ತು. ಮೊಬೈಲಿನ ಈ ಕಡೆ ಮಗು, ಆ ಕಡೆ ಟೀಚರು. ಟೀಚರು ಮಾತನಾಡುತ್ತಲೇ ಇದ್ದರು, ಮಗುವಿನ ಮೈಕು ಬಂದ್ ಆಗಿತ್ತು. ಕ್ಯಾಮೆರಾವನ್ನೂ ಬಂದ್ ಮಾಡಿ ನಿದ್ದೆ ಹೋದ ಮಕ್ಕಳನ್ನೂ ನಾವು ಕಂಡಿದ್ದೇವೆ! ಹಾಗಾದರೆ ವಿಡಿಯೋ ಕಾನ್ಫರೆನ್ಸ್ ಮೂಲಕ ಕಲಿಯಲು ಸಾಧ್ಯವೇ ಇಲ್ಲವೇ? ಸಾಧ್ಯವಿದೆ. ಆದರೆ ಅಲ್ಲಿ ಎಲ್ಲರೂ ಬಾಯಿ ತೆರೆಯಬೇಕು. ಇದಕ್ಕೊಂದು ಉದಾಹರಣೆಯನ್ನು ನೋಡೋಣ.

ಅಮೆರಿಕದ ನ್ಯೂ ಮೆಕ್ಸಿಕೋ ರಾಜ್ಯದಲ್ಲಿ ಡಾಕ್ಟರ್ ಸಂಜೀವ್ ಅರೋರಾ ಎಂಬ ಪಿತ್ತಜನಕಾಂಗದ ತಜ್ಞರಿದ್ದಾರೆ. ಇವರು ಪುಣೆಯಲ್ಲಿ ವೈದ್ಯಕೀಯ ಓದಿದ ಭಾರತ ಮೂಲದವರು. 20ಕ್ಕೂ ಹೆಚ್ಚು ವರ್ಷಗಳ ಹಿಂದೆ ಹೆಪಟೈಟಿಸ್ ಸಿ ಪೀಡಿತರು ಇವರನ್ನು ಕಾಣಲು 8 ತಿಂಗಳು ಕಾಯಬೇಕಿತ್ತು. ದೂರದ ಹಳ್ಳಿಗಳಿಂದ ನೂರಾರು ಕಿಲೋಮೀಟರ್ ಪ್ರಯಾಣ, ಅದೂ ಹಲವು ಬಾರಿ. ಬರಲಾಗದ ಬಡವರು ಮನೆಯಲ್ಲೇ ಉಳಿದರು. ವಾಸಿಮಾಡಬಹುದಾದ ರೋಗ ಒಳಗೊಳಗೇ ಬೆಳೆಯಿತು.

ರೋಗಿಗಳನ್ನು ನಗರಕ್ಕೆ ಕರೆಸುವ ಬದಲು ಜ್ಞಾನವನ್ನೇ ಹಳ್ಳಿಗೆ ಕಳುಹಿಸಿದರೆ ಹೇಗೆ? ಈ ಯೋಚನೆಯಿಂದ 2003ರಲ್ಲಿ ‘ಪ್ರಾಜೆಕ್ಟ್ ಎಕೋ’ ಹುಟ್ಟಿತು.

ಇದರ ಕ್ರಮ ಸರಳ. ವಾರಕ್ಕೊಮ್ಮೆ ನಿಗದಿತ ಸಮಯಕ್ಕೆ ಬೇರೆಬೇರೆ ಊರುಗಳ ವೈದ್ಯರು, ದಾದಿಯರು ಪರದೆಯ ಮುಂದೆ ಸೇರುತ್ತಾರೆ. ಒಬ್ಬರು ತಮ್ಮ ರೋಗಿಯ ಸ್ಥಿತಿಯನ್ನು ವಿವರಿಸುತ್ತಾರೆ. ವಯಸ್ಸು, ಪರೀಕ್ಷೆಯ ಫಲಿತಾಂಶ, ತಮಗಿರುವ ಸಂಶಯ ಎಲ್ಲವನ್ನೂ ಹೇಳುತ್ತಾರೆ. ರೋಗಿಯ ಹೆಸರನ್ನು ಮಾತ್ರ ಹೇಳುವುದಿಲ್ಲ. ಉಳಿದ ಊರುಗಳವರು ಪ್ರಶ್ನೆ ಕೇಳಿ ತಮ್ಮ ಅನುಭವ ಹಂಚಿಕೊಳ್ಳುತ್ತಾರೆ. ತಜ್ಞರು ಸಲಹೆ ನೀಡುತ್ತಾರೆ. ಕೊನೆಗೊಂದು ಚಿಕ್ಕ ಪಾಠವೂ ಇರಬಹುದು. ಆದರೆ ಚಿಕಿತ್ಸೆಯ ಹೊಣೆ ಆ ಊರಿನ ವೈದ್ಯರದೇ.

ಇಲ್ಲಿ ಗುರು ಯಾರು, ಶಿಷ್ಯ ಯಾರು? ಔಷಧಿಯ ವಿಷಯ ತಜ್ಞರಿಗೆ ಗೊತ್ತು. ಆದರೆ ರೋಗಿ ಕುಡಿತ ಬಿಟ್ಟಿದ್ದಾನೆಯೇ, ಮನೆಯಲ್ಲಿ ನೋಡಿಕೊಳ್ಳುವವರಿದ್ದಾರೆಯೇ, ಕೂಲಿ ಬಿಟ್ಟು ಆಸ್ಪತ್ರೆಗೆ ಬರಬಲ್ಲನೇ ಎಂಬುದು ಊರಿನ ವೈದ್ಯರಿಗೇ ಗೊತ್ತು. ಆದ್ದರಿಂದ ಎಲ್ಲರೂ ಕಲಿಸುತ್ತಾರೆ, ಎಲ್ಲರೂ ಕಲಿಯುತ್ತಾರೆ. ಒಬ್ಬರ ಸಂಶಯ ತೀರಿದಾಗ ಕೇಳುತ್ತಿದ್ದ ಹತ್ತು ಮಂದಿಯ ಸಂಶಯವೂ ತೀರುತ್ತದೆ.

ಫಲವೇನು? 407 ರೋಗಿಗಳ ಕುರಿತ ಅಧ್ಯಯನವೊಂದು 2011ರಲ್ಲಿ ಪ್ರಕಟವಾಯಿತು. ತಜ್ಞರ ಆಸ್ಪತ್ರೆಯಲ್ಲಿ ಶೇಕಡಾ 57.5 ಮಂದಿ ಗುಣಮುಖರಾದರೆ, ಹೀಗೆ ಕಲಿತವರು ಹಳ್ಳಿಗಳಲ್ಲೂ ಸೆರೆಮನೆಗಳಲ್ಲೂ ನೀಡಿದ ಚಿಕಿತ್ಸೆಯಿಂದ ಶೇಕಡಾ 58.2 ಮಂದಿ ಗುಣಮುಖರಾದರು. ಹಳ್ಳಿಯ ವೈದ್ಯರು ತಜ್ಞರಿಗೆ ಸರಿಸಮಾನರಾಗಿ ನಿಂತರು!

ಈ ಪದ್ಧತಿ ನಮ್ಮಲ್ಲಿಗೂ ಬಂದಿದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ದೂರದ ಛತ್ತೀಸಗಡದ ವೈದ್ಯರಿಗೂ ಮಾನಸಿಕ ಕಾಯಿಲೆಗಳ ಚಿಕಿತ್ಸೆಯಲ್ಲಿ ಹೀಗೆಯೇ ತರಬೇತಿ ನೀಡಿದೆ.

ಇದರಿಂದ ನಾವು ಕಲಿಯಬೇಕಾದುದು ಏನು? ಉಪನ್ಯಾಸ ಕೇಳಿಸುವುದಕ್ಕೆ ರೇಡಿಯೋ ಸಾಕು. ವಿಡಿಯೋ ಕಾನ್ಫರೆನ್ಸ್ ಮುಖಾಮುಖಿ ಮಾತಿಗಾಗಿ ಇದೆ. ನಾವು ಶಿಕ್ಷಕರಾಗಲಿ, ಸ್ವಸಹಾಯ ಸಂಘದವರಾಗಲಿ, ಮುಂದಿನ ಸಲ ಪರದೆಯ ಮುಂದೆ ಸೇರುವಾಗ ಕೆಲವೇ ಮಂದಿ ಸೇರೋಣ. ಭಾಷಣ ಕಡಿಮೆ ಮಾಡಿ, ನಮ್ಮಲ್ಲೊಬ್ಬರು ನಿಜವಾಗಿ ಎದುರಿಸುತ್ತಿರುವ ಕಷ್ಟವೊಂದನ್ನು ಮುಂದಿಡೋಣ. ಅದು ಏನಾಯಿತೆಂದು ಮುಂದಿನ ವಾರ ತಪ್ಪದೆ ವಿಚಾರಿಸೋಣ.

“ನನಗೆ ಇದು ಗೊತ್ತಿಲ್ಲ” ಎಂದು ಹತ್ತು ಜನರ ಎದುರು ಹೇಳುವುದು ಸುಲಭವಲ್ಲ. ಆ ವೈದ್ಯರು ಅಷ್ಟು ಹೇಳುವ ಧೈರ್ಯ ಮಾಡಿದ್ದರಿಂದಲೇ ಎಷ್ಟೋ ಜೀವಗಳು ಉಳಿದವು. ನಾವೂ ಮೈಕು ತೆರೆಯೋಣವೇ?